ಹಲ್ಲು ಕಪ್ಪಾಗುವ ತನಕ

ಬೆಳಿಗ್ಗೆ ಎದ್ದವಳು ಹಲ್ಲುಜ್ಜುವ ಮೊದಲೇ ಅಡುಗೆಮನೆಯ ಕಿಟಕಿಕಟ್ಟೆಯ ಮುಂದೆ ಬಗ್ಗಿ ನಿಂತಳು. ಕಟ್ಟೆಯ ಮೇಲೆ ಒಂದು ಮಾತ್ರೆ ಡಬ್ಬಿ. ಒಳಗಿನದೆಲ್ಲ ಕಾಣುವಂಥ ತೆಳು ಪ್ಲಾಸ್ಟಿಕ್ಕಿನದು, ಮುಚ್ಚಳಕ್ಕೆ ಸೂಜಿಯಿಂದ ಚುಚ್ಚಿದ ತೂತುಗಳು, ಒಳಗೆ ಮುಕ್ಕಾಲು ಪಾಲು ಒದ್ದೆ ಮಣ್ಣು. ಆ ಮಣ್ಣಿನಲ್ಲಿ ಡಬ್ಬಿಯ ಗೋಡೆಗೆ ಆತುಕೊಂಡು ಒಂದು ಬಿಲ, ಬಿಲದೊಳಗೆ ಮಗಳ ಜೇಡ. ಟ್ಯಾರಂಟುಲಾ ಎಂದರೆ ಅಂಗೈಯಗಲದ ರೋಮದ ರಾಕ್ಷಸ ಎಂದುಕೊಂಡಿದ್ದವಳಿಗೆ ಈ ಮರಿಯನ್ನು ಮೊದಲ ಸಲ ಕಂಡಾಗ, ಅಯ್ಯೋ ಇಷ್ಟೇನಾ ಅನಿಸಿತ್ತು. ಆಗ ಅದು ಒಂದು ಹೆಸರುಕಾಳಿನಷ್ಟಿತ್ತು. ಈಗ ಕಾಲು ಚಾಚಿದರೆ ಡಬ್ಬಿಯ ಈ ಗೋಡೆಯಿಂದ ಆ ಗೋಡೆಗೆ ತಾಗುತ್ತದೆ. ಮಧ್ಯಾಹ್ನದವರೆಗೆ ಏಳುವುದಿಲ್ಲ, ಎದ್ದರೂ ಯಾರನ್ನೂ ಲೆಕ್ಕಕ್ಕೆ ಇಡುವುದಿಲ್ಲ ಎಂದು ಮಗಳು ಇಟ್ಟ ಹೆಸರು ಸಾಹೇಬರು. ಸಾಹೇಬರಿಗೆ ಮನೆ ಚಿಕ್ಕದಾಯಿತು ಎಂದು ಹೋದ ಶನಿವಾರವೇ ಮಗಳು ಹೇಳಿಹೋಗಿದ್ದಳು. ಇವತ್ತು ಮತ್ತೆ ಶನಿವಾರ. ಸಂಜೆ ಐದಕ್ಕೆ ದೊಡ್ಡ ಡಬ್ಬಿ ತರುತ್ತಾಳೆ, ಸಾಹೇಬರನ್ನು ಅದಕ್ಕೆ ಬದಲಾಯಿಸುತ್ತಾಳೆ, ಜೊತೆಗೇ ಅಪ್ಪನ ಮನೆಗೆ ಕೊಂಡೊಯ್ಯುತ್ತಾಳೆ. ಬೀಗ ಹಾಕುವಂಥ ಡಬ್ಬಿಯಾದರೆ ಇರಲಿ ಎಂದು ಅಪ್ಪನ ಹೆಂಡತಿ ಒಪ್ಪಿದ್ದಾಳಂತೆ.

ಬಿಲದ ಬಾಯಿಗೆ ಬಲೆ ಕಟ್ಟಿತ್ತು. ಹತ್ತಿಯಂಥ ದಪ್ಪನೆಯ ಬಿಳಿ ಬಲೆ, ಒಳಗಿನಿಂದ ಬಾಗಿಲು ಹಾಕಿಕೊಂಡ ಹಾಗೆ. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಅವಳು ಫ್ರಿಜ್ಜಿಗೆ ಅಂಟಿಸಿದ್ದ ಚೀಟಿಯ ಕಡೆ ನೋಡಲಿಲ್ಲ. ಆ ಚೀಟಿಯಲ್ಲಿ ಮಗಳ ದುಂಡು ಅಕ್ಷರದಲ್ಲಿ ಏನಿದೆ ಎಂಬುದು ಬಾಯಿಪಾಠವಾಗಿತ್ತು. ಹೊಟ್ಟೆ ಕಪ್ಪಗೆ ಹೊಳೆಯುತ್ತಿದ್ದು, ಊಟ ಬಿಟ್ಟಿದ್ದರೆ ಪೊರೆ ಬಿಡೋಕೆ ರೆಡಿಯಾಗಿದೆ ಅಂತ ಅರ್ಥ, ಆಗ ಅಲ್ಲಾಡಿಸಬಾರದು, ಮನೆ ಬದಲಾಯಿಸಬಾರದು. ಹುಳ ಹಾಕಿದರೆ ಮಾರನೇ ದಿನ ನೋಡಬೇಕು, ತಿಂದಿಲ್ಲದಿದ್ದರೆ ತೆಗೆದುಬಿಡಬೇಕು, ಪೊರೆ ಬಿಡುವಾಗ ಅದರ ಮೈ ಮೆತ್ತಗಿರುತ್ತೆ, ಹುಳವೇ ಅದನ್ನು ತಿಂದುಹಾಕುತ್ತೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ. ಅಷ್ಟು ಗೆರೆ ಎಳೆಯಬೇಕಾದರೆ ತಾಯಿಯ ಬಗ್ಗೆ ಅವಳಿಗೆ ಏನೋ ಗೊತ್ತಿದ್ದಿರಬೇಕು.

ಹೋದ ಶನಿವಾರ ಮಗಳು ಹಾಕಿದ ಹುಳವನ್ನು ಸಾಹೇಬರು ಮೂಸಿಯೂ ನೋಡಲಿಲ್ಲ. ಮಗಳು ಅದನ್ನು ಚಿಮಟದಿಂದ ತೆಗೆದು, "ಬೇಡ್ವಂತೆ, ಬಿಡು. ನಾನು ಬರೋವರೆಗೂ ಏನೂ ಕೊಡಬೇಡ ಅಮ್ಮ," ಎಂದಿದ್ದಳು. ಭಾನುವಾರ ಕಳೆಯಿತು. ಸೋಮವಾರ ಕೆಲಸದಿಂದ ಬಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ಕಿಟಕಿಯ ಮುಂದೆ ನಿಂತೇ ತಿನ್ನುತ್ತಿದ್ದಾಗ, ತಾನು ತಿನ್ನುವುದನ್ನು ಅದು ಒಳಗಿನಿಂದ ನೋಡುತ್ತಿದೆ ಎಂದು ಅವಳಿಗೆ ಅನಿಸಿಬಿಟ್ಟಿತು. ಅದಕ್ಕೆ ಎಂಟು ಕಣ್ಣು, ಎಂಟೂ ಮಂಜು, ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ ಎಂದು ಮಗಳೇ ಹೇಳಿದ್ದಳು. ಆದರೂ ಕೈ ತಡೆಯಲಿಲ್ಲ. ಜೇಡದ ಊಟಕ್ಕೆಂದು ಹುಳ ಸಾಕಿದ್ದ ಹೊಟ್ಟಿನ ಡಬ್ಬಿಯಿಂದ ಒಂದು ಹಿಟ್ಟಿನ ಹುಳವನ್ನು ಹೆಕ್ಕಿ, ದಪ್ಪನೆಯದನ್ನೇ ಆರಿಸಿ, ಮುಚ್ಚಳ ತೆರೆದು ಹಾಕಿದಳು. ಮಂಗಳವಾರ ನೋಡಿದಾಗ ಹುಳ ಇರಲಿಲ್ಲ. ತಿಂದಿದೆ ಎಂದುಕೊಂಡಳು. ಹಾಗೆ ಅಂದುಕೊಂಡರೆ ಆ ದಿನ ಹಗುರವಾಗಿ ಕಳೆಯುತ್ತಿತ್ತು. ಹಿಟ್ಟಿನ ಹುಳಕ್ಕೆ ಮಣ್ಣು ಸಿಕ್ಕರೆ ಒಳಗೆ ನುಗ್ಗಿ ಅಡಗುತ್ತದೆ ಎಂಬುದು ಬುಧವಾರ ನಸುಕಿನಲ್ಲಿ ಹಾಸಿಗೆಯಲ್ಲಿ ಹೊರಳುವಾಗ ನೆನಪಾಯಿತು. ಆಮೇಲಿನ ಮೂರು ದಿನ ಅವಳು ಬೆಳಿಗ್ಗೆ ಸಂಜೆ ಡಬ್ಬಿಯ ಮುಂದೆ ಬಗ್ಗಿ ಮಣ್ಣನ್ನೇ ನೋಡಿದಳು. ಮಣ್ಣು ಮಣ್ಣಿನ ಹಾಗೇ ಇತ್ತು.

ಮಗಳು ಅಪ್ಪನ ಮನೆಗೆ ಹೋಗಿ ಆರು ವಾರ. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ನೆನಪಿಗೆ ಹಿಡಿಯಲು ಒಂದು ಮಾತಾದರೂ ಸಿಗುತ್ತಿತ್ತು. ಕಾಲೇಜಿಗೆ ಹತ್ತಿರ, ಅವಳಿಗೇ ಅಂತ ಒಂದು ಕೋಣೆ, ಕೋಣೆಗೆ ಎರಡು ಕಿಟಕಿ. "ಅಲ್ಲಿ ಜಾಗ ಇದೆ ಅಮ್ಮ," ಎಂದಿದ್ದಳು, ಅಷ್ಟೆ. ಶನಿವಾರ ಶನಿವಾರ ಬರುತ್ತಿದ್ದಳು. ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಡಬ್ಬಿ ನೋಡುತ್ತಿದ್ದಳು, ಹುಳ ಹಾಕುತ್ತಿದ್ದಳು, ಮಣ್ಣಿಗೆ ನೀರು ಸಿಂಪಡಿಸುತ್ತಿದ್ದಳು, ಆಮೇಲೆ ಚಹಾ ಕುಡಿಯುತ್ತಿದ್ದಳು. ಒಟ್ಟು ನಲವತ್ತು ನಿಮಿಷ, ಒಮ್ಮೆ ಒಂದು ಗಂಟೆ. ಜೇಡ ಹೋದ ಮೇಲೆ ಆ ಮುಂದಿನ ಶನಿವಾರ ಏನೆಂದು ಬರುತ್ತಾಳೆ? ಈ ಪ್ರಶ್ನೆ ವಾರವಿಡೀ ಅವಳೊಳಗೆ ಇತ್ತು, ಆದರೆ ನೋವಾಗಿ ಇರಲಿಲ್ಲ. ಅರಿವಳಿಕೆ ಕೊಟ್ಟ ದವಡೆಯನ್ನು ನಾಲಿಗೆಯಿಂದ ಮುಟ್ಟಿ ನೋಡಿದ ಹಾಗಿತ್ತು. ಅಲ್ಲಿ ಏನೋ ದೊಡ್ಡದಾಗಿದೆ, ತನ್ನದೇ, ಆದರೆ ತನ್ನದಲ್ಲ.

ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಮೇಲೆ ದಂತವೈದ್ಯರ ಕೋಣೆ, ಕೆಳಗೆ ನೆಲಮಾಳಿಗೆಯಂಥ ಎರಡು ಕೋಣೆಗಳಲ್ಲಿ ಅವಳು ಮತ್ತು ಪಾಲಿಷ್ ಮಾಡುವವರು. ಮೇಲಿನಿಂದ ಬಾಯಿಗಳ ಅಚ್ಚು ಬರುತ್ತದೆ, ಅದಕ್ಕೆ ಅವಳು ಪ್ಲಾಸ್ಟರ್ ಹೊಯ್ಯುತ್ತಾಳೆ, ಗುಲಾಬಿ ಮೇಣದಲ್ಲಿ ವಸಡು ಕಟ್ಟಿ ಹಲ್ಲು ಕೂರಿಸುತ್ತಾಳೆ, ಹಿತ್ತಾಳೆಯ ಪೆಟ್ಟಿಗೆಯಲ್ಲಿಟ್ಟು ಬಿಗಿದು ನೀರಿನಲ್ಲಿ ಬೇಯಿಸುತ್ತಾಳೆ. ಪಾಲಿಷ್‌ನವರು ಅದನ್ನು ಉಜ್ಜಿ ಹೊಳಪು ಕೊಡುತ್ತಾರೆ. ಅರವತ್ತರ ಹತ್ತಿರದ ಆಸಾಮಿ, ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿದೆ, ಯಂತ್ರ ನಿಂತಾಗಲೂ ಕೂಗಿಯೇ ಮಾತು.

"ಅಕ್ಕಾ, ನಿಮ್ಮ ಅಳಿಯಂದಿರು ಹೇಗಿದ್ದಾರೆ?" ಎಂದರು, ಅವಳು ಚೀಲ ಇಡುವ ಮೊದಲೇ.

"ಊಟ ಬಿಟ್ಟಿದೆ."

"ಮುನಿಸಿಕೊಂಡಿರಬೇಕು. ಅಳಿಯ ಅಂದ ಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ. ಎಂಟು ಕಾಲಿಗೂ ನೀರು ಕೊಟ್ಟು ಕರೆದಿರಾ?"

ಅವಳು ನಕ್ಕಳು. ನಗು ತನ್ನ ಮುಖದ ಮೇಲೆ ಬಂದು ಕೂತದ್ದೂ, ತುಸು ಹೊತ್ತಾದ ಮೇಲೆ ಎದ್ದುಹೋದದ್ದೂ ಗೊತ್ತಾಯಿತು.

"ಇವತ್ತು ಕೊಂಡೊಯ್ತಾಳೆ," ಎಂದಳು.

"ಓ." ಪಾಲಿಷ್‌ನವರು ಕನ್ನಡಕ ಹಣೆಗೆ ಏರಿಸಿ ಅವಳನ್ನೇ ಒಂದು ಗಳಿಗೆ ನೋಡಿದರು. "ಒಳ್ಳೇದಾಯ್ತು ಬಿಡಿ. ನಿಮಗೂ ಹುಳ ಸಾಕೋದು ತಪ್ಪಿತು," ಎಂದು ಯಂತ್ರ ಹಾಕಿಬಿಟ್ಟರು. ಮಾತಿಗೆ ಸೋಲದ ಮನುಷ್ಯ, ಹಾಗೆ ಮಾತು ಬಿಟ್ಟು ಯಂತ್ರ ಹಾಕಿದ್ದೇ ಅವಳಿಗೆ ಕನಿಕರದಂತೆ ಕೇಳಿಸಿತು.

ಹತ್ತೂವರೆಗೆ ಮೇಲಿನಿಂದ ಕರೆ ಬಂತು. ಕುರ್ಚಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಕೊರಳಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಕೂತಿದ್ದರು. ಬಾಯಲ್ಲಿ ಅವಳು ಬುಧವಾರ ಮಾಡಿದ ಮುಂದಿನ ಎರಡು ಹಲ್ಲು. ವೈದ್ಯರು ಕನ್ನಡಿ ಹಿಡಿದು, "ನೋಡಮ್ಮಾ, ಇವರ ಪಕ್ಕದ ಹಲ್ಲು ಯಾವ ಬಣ್ಣ, ನೀನು ಕೂರಿಸಿರೋದು ಯಾವ ಬಣ್ಣ?" ಎಂದರು. ಅವಳು ಬಗ್ಗಿ ನೋಡಿದಳು. ನೋಡಬೇಕಾಗಿರಲಿಲ್ಲ, ಬಾಗಿಲಲ್ಲೇ ಕಂಡಿತ್ತು. ಒಂದು ಮೆಟ್ಟಿಲು ಹೆಚ್ಚು ಹಳದಿ. ಇಪ್ಪತ್ತೆರಡು ವರ್ಷದಲ್ಲಿ ಬಣ್ಣದ ವಿಷಯದಲ್ಲಿ ಅವಳ ಕಣ್ಣು ತಪ್ಪಿದ್ದಿಲ್ಲ. ಹದಿನಾರು ಹಲ್ಲಿನ ಬಣ್ಣದ ಪಟ್ಟಿಯನ್ನು ಬೇರೆಯವರು ಬಾಯಿಯ ಪಕ್ಕ ಹಿಡಿದು ಹಿಡಿದು ನೋಡುತ್ತಾರೆ, ಅವಳಿಗೆ ಅದು ಬೇಕಾಗುತ್ತಿರಲಿಲ್ಲ. "ನಮ್ಮ ಲ್ಯಾಬಿನವರಿಗೆ ಕಣ್ಣು ಮಂದವಾಗ್ತಾ ಇದೆ," ಎಂದು ವೈದ್ಯರು ಯಜಮಾನರಿಗೆ ಹೇಳಿದರು, ತಮಾಷೆಯ ದನಿಯಲ್ಲೇ. ಯಜಮಾನರು ಬಾಯಿ ತೆರೆದುಕೊಂಡೇ ಇದ್ದುದರಿಂದ ನಗಲಾಗಲಿಲ್ಲ, ಕಣ್ಣಲ್ಲಿ ನಕ್ಕರು. ಅವಳು, "ಸೋಮವಾರ ಬದಲಾಯಿಸಿ ಕೊಡ್ತೀನಿ ಸರ್," ಎಂದಳು. ಬುಧವಾರ ಹಲ್ಲು ಆರಿಸುವಾಗ ತಾನು ಏನು ನೋಡುತ್ತಿದ್ದೆ ಎಂದು ಮೆಟ್ಟಿಲಿಳಿಯುತ್ತ ನೆನಪು ಮಾಡಿಕೊಂಡಳು. ಹಲ್ಲನ್ನಂತೂ ಅಲ್ಲ. ಮಣ್ಣಿನೊಳಗೆ ಒಂದು ಹುಳ ಹೇಗೆ ಮುಂದೆ ಸಾಗುತ್ತದೆ ಎಂಬುದನ್ನು.

ಮಧ್ಯಾಹ್ನ ಹನ್ನೆರಡಕ್ಕೆ ಮಗಳ ಫೋನು.

"ಅಮ್ಮ, ಹೇಗಿದೆ?"

"ಚೆನ್ನಾಗಿದ್ದೀನಿ."

"ಸಾಹೇಬರು ಹೇಗಿದ್ದಾರೆ ಅಂದೆ."

"ಹ್ಞಾಂ. ಒಳಗೇ ಇದೆ."

"ಬಾಗಿಲು ಹಾಕಿಕೊಂಡಿದೆಯಾ? ಏನಾದರೂ ಕೊಟ್ಟೆಯಾ?"

ಅವಳ ಎದುರಿಗೆ ನೀರಿನಲ್ಲಿ ಹಿತ್ತಾಳೆ ಪೆಟ್ಟಿಗೆ ಆರುತ್ತಿತ್ತು. "ಸೋಮವಾರ ಒಂದು ಹಾಕಿದ್ದೆ," ಎಂದಳು.

"ಬೇಡ ಅಂದಿದ್ದೆ ಅಲ್ಲವಾ." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು, ತರಗತಿಯಲ್ಲಿ ಮೂರನೇ ಸಲ ಹೇಳಿಕೊಡುವವರ ಸುಸ್ತು. "ಆಮೇಲೆ? ತಿಂತಾ?"

"ಮಾರನೇ ದಿನ ಹುಳ ಕಾಣಿಸಲಿಲ್ಲ."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. "ಓ, ಹಾಗಾದರೆ ತಿಂದಿದೆ!" ಎಂದಳು ಮಗಳು, ದನಿ ತಟ್ಟನೆ ಎಳೆಯದಾಯಿತು. "ತಿಂದಿದ್ದರೆ ಇನ್ನೂ ಪೊರೆ ಬಿಡೋ ಹೊತ್ತಲ್ಲ. ಇವತ್ತೇ ಬದಲಾಯಿಸಬಹುದು. ನಾನು ಹೆದರಿಕೊಂಡಿದ್ದೆ, ಇನ್ನೂ ಎರಡು ವಾರ ಕಾಯಬೇಕೇನೋ ಅಂತ. ಐದಕ್ಕೆ ಬರ್ತೀನಿ, ಆಯ್ತಾ?" ಆಯ್ತು ಎಂದು ಅವಳು ಹೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಎರಡು ವಾರ, ಎಂದು ಅವಳು ನೀರಿನ ಪಾತ್ರೆಗೆ ಹೇಳಿದಳು. ತಿಂದಿಲ್ಲ, ಬಾಗಿಲು ಹಾಕಿಕೊಂಡಿದೆ, ಹೊಟ್ಟೆ ಕಪ್ಪಗಿದೆ ಎಂದು ಹೇಳಿದ್ದರೆ ಎರಡು ವಾರ ಸಿಗುತ್ತಿತ್ತು. ಹುಳ ಮಣ್ಣಿನಲ್ಲಿ ಅಡಗಿರಬಹುದು ಎಂಬುದನ್ನು ಬಚ್ಚಿಟ್ಟುಕೊಳ್ಳಲು ಹೋಗಿ ಎರಡು ಶನಿವಾರ ಕಳೆದುಕೊಂಡಳು. ಅಷ್ಟೇ ಆಗಿದ್ದರೆ ಸರಿ. ಪೊರೆ ಬಿಡುವ ಹೊತ್ತಿನಲ್ಲಿ ಬಿಲ ಅಗೆದು ತೆಗೆದರೆ ಅದು ಉಳಿಯುವುದಿಲ್ಲ.

ಕೈ ತನ್ನಷ್ಟಕ್ಕೆ ಪೆಟ್ಟಿಗೆಯ ತಿರುಪಿಗೆ ಹೋಗಿತ್ತು. "ಅಕ್ಕಾ!" ಎಂದು ಪಾಲಿಷ್‌ನವರು ಆ ಕಡೆಯಿಂದ ಕೂಗಿದರು. "ಬಿಸಿ ಇದೆ, ಬಿಚ್ಚಬೇಡಿ. ಏನಾಗಿದೆ ನಿಮಗೆ ಈ ವಾರ?" ಬಿಸಿಯಲ್ಲಿ ಬಿಚ್ಚಿದರೆ ಹಲ್ಲಿನ ಸೆಟ್ಟು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ವಸಡಿನ ಮೇಲೆ ಕೂತಾಗ ಗೊತ್ತಾಗುತ್ತದೆ. ಅದು ಬೆಂದ ನೀರಿನಲ್ಲೇ, ತನ್ನ ಹೊತ್ತಿಗೆ ತಣಿಯಬೇಕು. ಎಷ್ಟು ಹೊತ್ತು ಎಂದು ಅವಳು ಗಡಿಯಾರ ನೋಡಿ ತಿಳಿದದ್ದಿಲ್ಲ, ಅಂಗೈಯನ್ನು ಹಿತ್ತಾಳೆಗೆ ಒತ್ತಿ ತಿಳಿಯುತ್ತಿದ್ದಳು. ಮಗಳಿಗೆ ನಾಲ್ಕು ತುಂಬಿದ ವರ್ಷ ಒಂದು ಮಧ್ಯಾಹ್ನ, ಇನ್ನು ಮೇಲೆ ಅವಳು ತನ್ನ ಕೋಣೆಯಲ್ಲಿ ಮಲಗಲಿ, ಈಗ ಅಭ್ಯಾಸ ಮಾಡಿಸದಿದ್ದರೆ ಆಮೇಲೆ ಆಗುವುದಿಲ್ಲ ಎಂದು ಗಂಡ ಹೇಳಿ ಕೆಲಸಕ್ಕೆ ಹೋಗಿದ್ದ. ಅವಳು ಮಗುವನ್ನು ಮಲಗಿಸಿ ಬಾಗಿಲು ಎಳೆದುಕೊಂಡು ಹೊರಗಿನಿಂದ ಹಿಡಿಕೆ ಹಿಡಿದು ನಿಂತಳು. ಮಗು ಬಾಗಿಲು ಬಡಿಯಿತು. ಅಮ್ಮಾ ಎಂದಿತು, ಆಮೇಲೆ ಅಮ್ಮನ ಹೆಸರು ಹಿಡಿದು ಕರೆಯಿತು, ಹೆಸರು ಹಿಡಿದರೆ ಬೇಗ ಬರುತ್ತಾಳೆ ಎಂದುಕೊಂಡಿರಬೇಕು. ಹಿಡಿಕೆ ಅವಳ ಅಂಗೈಯಲ್ಲಿ ಬೆಚ್ಚಗಾಗಿತ್ತು. ಸದ್ದು ನಿಂತ ಮೇಲೂ ಇನ್ನೊಂದಿಷ್ಟು ಹೊತ್ತು ನಿಂತಳು. ಆಮೇಲೆ ತಳ್ಳಿದರೆ ಬಾಗಿಲು ತೆರೆಯಲಿಲ್ಲ. ಮಗು ಬಾಗಿಲಿಗೇ ಒರಗಿ ನೆಲದ ಮೇಲೆ ನಿದ್ದೆಹೋಗಿತ್ತು. ಅದರ ಮೈಯನ್ನು ಬಾಗಿಲಿನಿಂದಲೇ ಮೆಲ್ಲಗೆ ಜರುಗಿಸಿಕೊಂಡು ಒಳಗೆ ಹೋಗಬೇಕಾಯಿತು. ಮಾರನೆಯ ದಿನದಿಂದ ಮಗಳು ಅಳದೆ ತನ್ನ ಕೋಣೆಯಲ್ಲಿ ಮಲಗಿದಳು. ಎಷ್ಟು ಸುಲಭವಾಗಿ ಒಗ್ಗಿಬಿಟ್ಟಳು ನೋಡಿ ಎಂದು ಅವಳು ಎಲ್ಲರಿಗೂ ಹೇಳಿದ್ದಳು.

ಶನಿವಾರ ಲ್ಯಾಬು ಎರಡಕ್ಕೆ ಮುಚ್ಚುತ್ತದೆ. ಮನೆಗೆ ಬಂದು ಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು ಡಬ್ಬಿಯ ಮುಂದೆ ಬಗ್ಗಿದಳು. ಸಾಹೇಬರು ಬಿಲದೊಳಗೆ ಅಂಗಾತ ಬಿದ್ದಿದ್ದರು. ಎಂಟು ಕಾಲೂ ಮೇಲೆ, ಅರೆ ಮಡಿಚಿಕೊಂಡು, ಕೈ ಮುಗಿದ ಹಾಗೆ. ಅವಳು ಸೊಂಟ ನೆಟ್ಟಗೆ ಮಾಡಿ ನಲ್ಲಿಯ ಹತ್ತಿರ ಹೋಗಿ ಒಂದು ಲೋಟ ನೀರು ಕುಡಿದು ಲೋಟ ತೊಳೆದಿಟ್ಟಳು. ಸತ್ತಿತು ಎಂಬ ಮಾತು ಬಂತು, ಅದರ ಹಿಂದೆ ಏನೂ ಬರಲಿಲ್ಲ. ಫೋನು ಮಾಡಬೇಕು, ದೊಡ್ಡ ಡಬ್ಬಿ ತರಬೇಡ ಎನ್ನಬೇಕು, ಹೊರಗೆ ಒಣಗಿದ ಬಟ್ಟೆ ತೆಗೆಯಬೇಕು ಎಂದು ಸಾಲಾಗಿ ಅಂದುಕೊಂಡಳು. ಆಮೇಲೆ ಫ್ರಿಜ್ಜಿನ ಮೇಲಿನ ಚೀಟಿ ಕಣ್ಣಿಗೆ ಬಿತ್ತು. ಬಾಯಿಪಾಠವಿದ್ದೂ ಆ ಗಳಿಗೆಗೆ ನೆನಪಾಗದೆ ಹೋದ ಸಾಲು ಮೇಲುಗಡೆಯೇ ಇತ್ತು. ಅಂಗಾತ ಬಿದ್ದಿದ್ದರೆ ಸತ್ತಿಲ್ಲ, ಪೊರೆ ಬಿಡ್ತಾ ಇದೆ. ಎಸೆದುಬಿಡಬೇಡ! ಸತ್ತರೆ ಕಾಲು ಹೊಟ್ಟೆಯ ಕೆಳಗೆ ಮುದುರಿಕೊಂಡು ಕೂತಿರುತ್ತೆ. ಎಸೆದುಬಿಡಬೇಡ ಎಂಬುದನ್ನು ಅವಳು ಎರಡು ಸಲ ಓದಿದಳು. ಕುರ್ಚಿ ಎಳೆದು ಕೂತಳು. ಹಾಗಾದರೆ ಇವತ್ತು ಮನೆ ಬದಲಾಯಿಸುವ ಹಾಗಿಲ್ಲ. ಇವತ್ತು ಕೊಂಡೊಯ್ಯುವ ಹಾಗಿಲ್ಲ. ಹಿಗ್ಗಿನಂಥದೇನೋ ಎದೆಯಲ್ಲಿ ಒಮ್ಮೆ ಮಗ್ಗುಲು ಬದಲಿಸಿತು, ಅದನ್ನು ಹಿಗ್ಗು ಎಂದು ಗುರುತಿಸಿದ ಕೂಡಲೇ ನಾಚಿಕೆಯಾಯಿತು, ನಾಚಿಕೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಯಾಕೆಂದರೆ ಹುಳ ಕಾಣಿಸಿತು. ಬಿಲದಿಂದ ಎರಡು ಬೆರಳು ಕೆಳಗೆ, ಡಬ್ಬಿಯ ಗೋಡೆಗೆ ಒತ್ತಿಕೊಂಡು, ಮಣ್ಣಿನ ನಡುವೆ ಒಂದು ಹಳದಿ ಗೆರೆ. ಅದು ತಿಂದು ತಿಂದು ದಪ್ಪಗಾಗಿತ್ತು, ಐದು ದಿನ ಏನನ್ನು ತಿಂದಿತ್ತೋ. ತಲೆ ಮೇಲಕ್ಕಿತ್ತು. ಅವಳು ಕೆಲಸದ ಭೂತಗನ್ನಡಿ ಹಾಕಿಕೊಂಡು ನೋಡಿದಳು: ಅದರ ಬಾಯಿ ಮಣ್ಣಿನ ಕಣ ಒಂದೊಂದನ್ನೇ ಸರಿಸುತ್ತಿತ್ತು, ಅವಸರವಿಲ್ಲದೆ, ಯಾರ ಮೇಲೂ ದ್ವೇಷವಿಲ್ಲದೆ.

ಮುಚ್ಚಳ ತೆರೆದು ಮೇಲಿನಿಂದ ಕೈ ಹಾಕಿದರೆ ಬಿಲ ಕುಸಿಯುತ್ತದೆ. ಡಬ್ಬಿಯನ್ನು ಓರೆ ಮಾಡಿದರೆ ಸಾಹೇಬರು ಮಗುಚುತ್ತಾರೆ. ಸುಮ್ಮನಿದ್ದರೆ, ಮೈ ಬಿರಿದು ಹೊಸ ಮೈ ಹೊರಬರುವ ಹೊತ್ತಿಗೆ, ಹುಳ ಬಿಲದಲ್ಲಿರುತ್ತದೆ. ಮಗಳಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ, ಶನಿವಾರ ಮಧ್ಯಾಹ್ನ ಅವಳು ಈಜಲು ಹೋಗುತ್ತಾಳಂತೆ, ಅಪ್ಪನ ಮನೆಯ ಹತ್ತಿರ ಕೊಳವಿದೆಯಂತೆ. ಗಂಡನಾಗಿದ್ದವನಿಗೆ ಮಾಡೋಣವೆಂದು ಹೆಸರಿನವರೆಗೂ ಬೆರಳು ಹೋಯಿತು. "ಒಂದು ಹುಳದ ಕಥೇನಾ? ನಿನಗೆ ಹೇಳಿದ ಕೆಲಸ ಒಂದಾದರೂ ಹೇಳಿದ ಹಾಗೆ ಮಾಡಿ ಗೊತ್ತಾ?" ಎನ್ನುತ್ತಾನೆ, ಗಟ್ಟಿಯಾಗಿ ಅಲ್ಲ, ನಗುತ್ತಲೇ. ಅವನು ಹೇಳದಿದ್ದರೂ ಅವಳಿಗೆ ಅವನ ದನಿಯಲ್ಲೇ ಕೇಳಿಸಿತು. ಫೋನು ಕೆಳಗಿಟ್ಟಳು. ಗಡಿಯಾರ ಮೂರೂ ಹತ್ತು. ಸುಮ್ಮನೆ ಕೂತಳು. ಹೀಗೆ ಕೂತಿರುವುದು ಅವಳಿಗೆ ಹೊಸದಲ್ಲ. ಬಾಗಿಲ ಈಚೆ ಹಿಡಿಕೆ ಹಿಡಿದು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲಳು. ಹುಳ ಅರ್ಧ ಬೆರಳು ಮೇಲೆ ಬಂದಿತ್ತು.

ಆಗ ಕೈಗೆ ಬುದ್ಧಿ ಬಂತು, ತಲೆಗಲ್ಲ. ಚೀಲದಲ್ಲಿ ಮೇಣದ ಚಾಕು ಇತ್ತು. ಸ್ವಂತದ್ದು, ಹಿಡಿ ಸವೆದು ಅವಳ ಬೆರಳಿನ ಆಕಾರಕ್ಕೇ ಬಂದದ್ದು, ಲ್ಯಾಬಿನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಒಲೆ ಹಚ್ಚಿ ಅದರ ತುದಿಯನ್ನು ಉರಿಯಲ್ಲಿ ಹಿಡಿದಳು. ಎಷ್ಟು ಬಿಸಿಗೆ ಮೇಣ ಕರಗುತ್ತದೆ, ಎಷ್ಟಕ್ಕೆ ಸುಟ್ಟು ವಾಸನೆ ಬರುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತು. ಪ್ಲಾಸ್ಟಿಕ್ಕಿಗೆ ತುಸು ಹೆಚ್ಚು ಬೇಕು, ಹೊಗೆಯಾಡುವಷ್ಟು ಬೇಡ. ಎಡಗೈಯಿಂದ ಡಬ್ಬಿಯ ಬುಡವನ್ನು ಕಟ್ಟೆಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಬಿಸಿ ತುದಿಯನ್ನು ಹುಳದ ತಲೆಗಿಂತ ಕೂದಲೆಳೆ ಕೆಳಗೆ ಗೋಡೆಗೆ ಮುಟ್ಟಿಸಿದಳು. ಪ್ಲಾಸ್ಟಿಕ್ಕು ಬೆಣ್ಣೆಯ ಹಾಗೆ ದಾರಿಬಿಟ್ಟಿತು. ಮತ್ತೆ ಉರಿಗೆ, ಮತ್ತೆ ಗೋಡೆಗೆ. ಕಿಟಕಿ ತೆರೆದಿದ್ದರೂ ಕಮಟು ವಾಸನೆ ಬಂತು, ವಾಸನೆಯಿಂದಲೇ ಅದಕ್ಕೇನಾದರೂ ಆದರೆ ಎಂದು ಒದ್ದೆ ಬಟ್ಟೆಯನ್ನು ಮುಚ್ಚಳದ ಮೇಲೆ ಹಾಸಿದಳು. ನಾಲ್ಕನೆಯ ಸಲಕ್ಕೆ ಕಡಲೆಕಾಳಿನಷ್ಟು ತೂತು. ಕೈ ನಡುಗಲಿಲ್ಲ. ನಡುಗದಿದ್ದುದನ್ನು ಅವಳು ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದಳು. ಹುಳ ಬಿಸಿಗೆ ಮುದುಡಿ ತೂತಿನ ಹತ್ತಿರವೇ ತಿರುಗಿತು, ಚಿಮಟದ ತುದಿಗೆ ಸಿಕ್ಕಿತು. ಎಳೆದಳು. ಜೊತೆಗೆ ಒಂದು ಚಿಟಿಕೆ ಮಣ್ಣು ಉದುರಿತು, ಬಿಲ ಕುಸಿಯಲಿಲ್ಲ. ತೂತಿಗೆ ಚೀಲದ ತಳದಲ್ಲಿದ್ದ ಗುಲಾಬಿ ಮೇಣದ ಚೂರನ್ನು ಮೆತ್ತಿ ಹೆಬ್ಬೆರಳಿನಿಂದ ನಯಮಾಡಿದಳು, ಅಭ್ಯಾಸ ಬಿಡದೆ ಅಂಚಿನಲ್ಲಿ ವಸಡಿಗೆ ಕೊಡುವ ಉಬ್ಬನ್ನೂ ಕೊಟ್ಟಳು. ಹುಳವನ್ನು ಒಂದು ತಟ್ಟೆಯ ಮೇಲಿಟ್ಟು ಲೋಟ ಬೋರಲು ಹಾಕಿದಳು. ಮಗಳಿಗೆ ತೋರಿಸಬೇಕೆಂದೋ, ತೋರಿಸದೆ ಎಸೆಯಬೇಕೆಂದೋ ತಿಳಿಯಲಿಲ್ಲ.

ನಾಲ್ಕೂವರೆಗೇ ಬೆಲ್ಲಾಯಿತು. ಮಗಳ ಹತ್ತಿರ ಈ ಮನೆಯ ಬೀಗದ ಕೈ ಈಗಲೂ ಇದೆ. ಆದರೂ ಆರು ವಾರದಿಂದ ಬೆಲ್ಲೇ ಮಾಡುತ್ತಾಳೆ.

ಕೂದಲು ಒದ್ದೆ, ಹೆಗಲಿಗೆ ಟವಲು, ಎರಡೂ ಕೈಯಲ್ಲಿ ಗಾಜಿನಂಥ ಚೌಕ ಡಬ್ಬಿ. "ಫೋನ್ ಮಾಡಿದ್ದೆಯಾ? ನೀರಲ್ಲಿದ್ದೆ. ಏನು ವಾಸನೆ ಇದು? ಏನು ಸುಟ್ಟೆ?" ಎನ್ನುತ್ತಲೇ ಅಡುಗೆಮನೆಗೆ ನಡೆದವಳು ಅಲ್ಲೇ ನಿಂತಳು. "ಅಮ್ಮ. ಅಮ್ಮ, ಬಾ ಇಲ್ಲಿ. ಪೊರೆ ಬಿಡ್ತಾ ಇದೆ."

ಇಬ್ಬರೂ ಬಗ್ಗಿ ನಿಂತರು. ಹಳೆಯ ಮೈ ಮುಚ್ಚಳದ ಹಾಗೆ ತೆರೆದುಕೊಂಡಿತ್ತು, ಒಳಗಿನಿಂದ ಬಿಳಿಚಿಕೊಂಡ ಹೊಸ ಜೇಡ, ಕೈಗವಸಿನಿಂದ ಬೆರಳು ಬಿಡಿಸಿಕೊಳ್ಳುವ ಹಾಗೆ ಕಾಲುಗಳನ್ನು ಎಳೆದುಕೊಳ್ಳುತ್ತಿತ್ತು. ಸ್ವಲ್ಪ ಎಳೆಯುವುದು, ನಿಲ್ಲುವುದು, ಮತ್ತೆ ಸ್ವಲ್ಪ. ಮಗಳ ಒದ್ದೆ ಕೂದಲಿನಿಂದ ಕೊಳದ ನೀರಿನ ಔಷಧಿ ವಾಸನೆ ಬರುತ್ತಿತ್ತು. ಕಿವಿಯ ಹಿಂದೆ ಒಂದು ಹೊಸ ಮಚ್ಚೆ, ಅಥವಾ ಹಳೆಯದೇ, ಅವಳು ನೋಡಿರಲಿಲ್ಲ.

"ಸೋಮವಾರ ತಿಂದಿದ್ದರೆ ಶನಿವಾರ ಪೊರೆ ಹೇಗೆ ಬಿಡುತ್ತೆ?" ಎಂದು ಮಗಳು ತನ್ನಷ್ಟಕ್ಕೇ ಅಂದುಕೊಂಡಳು. ಆಮೇಲೆ ಕಣ್ಣು ಕೆಳಗೆ ಬಂತು. "ಇದೇನಿದು? ಡಬ್ಬಿಗೆ ವಸಡು ಕಟ್ಟಿದ್ದೀಯಾ?"

ಅವಳು ತಟ್ಟೆ ತೋರಿಸಿದಳು. ಲೋಟದೊಳಗೆ ಹುಳ ಸುತ್ತುತ್ತಿತ್ತು.

ಮಗಳು ಹುಳ ನೋಡಿದಳು, ತೂತು ನೋಡಿದಳು, ಚೀಟಿ ನೋಡಿದಳು. "ತಿಂದಿರಲಿಲ್ಲ."

"ಇಲ್ಲ."

"ನಿನಗೆ ಗೊತ್ತಿತ್ತು."

"ಬುಧವಾರದಿಂದ."

"ಫೋನಲ್ಲಿ ಕೇಳಿದಾಗ ಯಾಕೆ ಹೇಳಲಿಲ್ಲ? ನಾನು ಬಂದು ಅಗೆದುಬಿಡ್ತಿದ್ದೆ ಅಮ್ಮ. ನನ್ನ ಕೈಯಿಂದಲೇ ಸಾಯ್ತಿತ್ತು ಅದು."

ಉತ್ತರಗಳು ಬೇಕಾದಷ್ಟಿದ್ದವು. ಹೇಳಿದ್ದರೆ ನೀನು ಇವತ್ತು ಬರುತ್ತಿರಲಿಲ್ಲವೇನೋ. ಹೇಳಿದ್ದರೆ ನಿನ್ನ ಅಪ್ಪನಿಗೆ ಗೊತ್ತಾಗುತ್ತಿತ್ತು. ಅದು ನಾನು ತಿನ್ನುವುದನ್ನು ನೋಡುತ್ತಿತ್ತು. "ಹೇಳಬೇಕಿತ್ತು," ಎಂದಳು. ಮಗಳು ಬೆರಳಿನ ತುದಿಯಿಂದ ಗುಲಾಬಿ ಮೇಣವನ್ನು ಮುಟ್ಟಿ ನೋಡಿದಳು, ಅಂಚಿನ ಉಬ್ಬಿನ ಮೇಲೆ ಬೆರಳು ಒಂದು ಕ್ಷಣ ನಿಂತಿತು. "ಅಲ್ಲಾಡಿಸದೆ ಹೇಗೆ ಮಾಡಿದೆ?" ಎಂದಳು ಕೊನೆಗೆ. ಅವಳು ಮೇಣದ ಚಾಕು ತೋರಿಸಿದಳು. ಮಗಳು ತಲೆಯಾಡಿಸಿದಳು, ಹೊಗಳಿಕೆಯೂ ಕ್ಷಮೆಯೂ ಅಲ್ಲದ ತಲೆಯಾಡಿಸುವಿಕೆ. ಆಮೇಲೆ ಚಹಾ ಆಯಿತು. ಮಗಳು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಕೊನೆಯ ಕಾಲು ಬಿಡಿಸಿಕೊಂಡು ಸಾಹೇಬರು ಮಗ್ಗುಲಾಗುವವರೆಗೂ ಕೂತಳು. ಚಹಾ ಆರಿಹೋಯಿತು.

ಹೊರಡುವಾಗ ಮಗಳು ದೊಡ್ಡ ಡಬ್ಬಿಯನ್ನು ಮಾತ್ರೆ ಡಬ್ಬಿಯ ಪಕ್ಕದಲ್ಲಿಟ್ಟಳು. "ಇದು ಇಲ್ಲೇ ಇರಲಿ. ಈಗ ಮುಟ್ಟಿದರೆ ಕಾಲು ಮುರಿಯುತ್ತೆ, ಮೈ ಹಸಿ. ಅದರ ಹಲ್ಲು ನೋಡ್ತಾ ಇರು. ಈಗ ಬೆಳ್ಳಗಿದೆ ಅಲ್ಲವಾ, ಆಮೇಲೆ ಕೆಂಪಗಾಗುತ್ತೆ, ಪೂರ್ತಿ ಕಪ್ಪಾದ ಮೇಲೆ ಗಟ್ಟಿ ಅಂತ ಅರ್ಥ. ಅವತ್ತು ಬದಲಾಯಿಸಬಹುದು. ನಾನೇ ನೋಡಿದರೆ ಕಡುಗೆಂಪು ಯಾವುದು, ಕಪ್ಪು ಯಾವುದು ತಿಳಿಯಲ್ಲ, ಹೋದ ಸಲ ಮೋಸ ಹೋಗಿದ್ದೆ." ಚಪ್ಪಲಿ ಮೆಟ್ಟಿಕೊಳ್ಳುತ್ತ, ಮುಖ ಎತ್ತದೆ ಹೇಳಿದಳು: "ಬಣ್ಣ ನಿನಗೆ ಗೊತ್ತಾಗುತ್ತೆ. ನೀನೇ ಹೇಳು ಯಾವತ್ತು ಅಂತ. ಅವತ್ತೇ ಬಂದು ಕೊಂಡೊಯ್ತೀನಿ."

"ನನ್ನ ಕಣ್ಣು ಮಂದವಾಗಿದೆಯಂತೆ," ಎಂದಳು ಅವಳು.

"ಯಾರಂತೆ ಹೇಳಿದ್ದು?" ಎಂದು ಮಗಳು ಮೆಟ್ಟಿಲಿಳಿದಳು.

ಆ ಮುಂದಿನ ದಿನಗಳಲ್ಲಿ ಅವಳು ಹಾರ್ಡ್‌ವೇರ್ ಯಜಮಾನರ ಹಲ್ಲು ಬದಲಾಯಿಸಿ ಕೊಟ್ಟಳು, ಹಿತ್ತಾಳೆ ಪೆಟ್ಟಿಗೆಯನ್ನು ತಣಿದ ಮೇಲೆಯೇ ಬಿಚ್ಚಿದಳು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಭೂತಗನ್ನಡಿ ಹಾಕಿಕೊಂಡು ಕಿಟಕಿಯ ಮುಂದೆ ಬಗ್ಗುತ್ತಿದ್ದಳು. ಸಾಹೇಬರು ಗೋಡೆಗೆ ಹೊಟ್ಟೆ ಆನಿಸಿ ನಿಂತಾಗ ಎರಡು ಹಲ್ಲೂ ಕಾಣುತ್ತಿದ್ದವು. ಹಾಲಿನ ಬಿಳಿ, ಆಮೇಲೆ ಕೆನೆ, ಆಮೇಲೆ ಇಟ್ಟಿಗೆ, ಆಮೇಲೆ ಕುದಿಸಿದ ಚಹಾ. ನಡುವೆ ಬಂದ ಶನಿವಾರ ಮಗಳು ಬರಲಿಲ್ಲ, ಪರೀಕ್ಷೆ ಇದೆ ಎಂದಳು, ಹಲ್ಲು ಹೇಗಿದೆ ಎಂದು ಕೇಳಿದಳು. "ಇನ್ನೂ ಕೆಂಪು," ಎಂದಳು ಅವಳು, ಅದು ನಿಜವಾಗಿಯೂ ಕೆಂಪಾಗಿತ್ತು.

ಹತ್ತನೆಯ ದಿನ, ಮಂಗಳವಾರ, ನೋಡಿದಾಗ ಕಪ್ಪಾಗಿತ್ತು. ಬೆಳಕಿಗೆ ಓರೆಯಾಗಿ ನೋಡಿದರೂ ಕಪ್ಪು. ತುದಿಯಲ್ಲಿ ಇನ್ನೂ ತುಸು ಕೆಂಪಿದೆ ಎಂದರೆ ಅಲ್ಲ ಎನ್ನುವವರು ಯಾರೂ ಇರಲಿಲ್ಲ. ಇನ್ನೊಂದು ವಾರ ನಡೆಯುತ್ತಿತ್ತು, ಎರಡು ವಾರವೂ ನಡೆಯುತ್ತಿತ್ತು. ಜೇಡ ಚಿಕ್ಕ ಡಬ್ಬಿಯಲ್ಲಿ ಕಾಲು ಮಡಿಚಿಕೊಂಡು ಇರುತ್ತಿತ್ತು, ದೂರುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಬಗ್ಗಿಯೇ ನಿಂತಿದ್ದಳು. ಅಂಗೈಗೆ ಕಿಟಕಿಕಟ್ಟೆ ತಣ್ಣಗಿತ್ತು. ಆಮೇಲೆ ಭೂತಗನ್ನಡಿ ತೆಗೆದಿಟ್ಟು ಮಗಳಿಗೆ ಫೋನು ಮಾಡಿದಳು.

"ಹ್ಞಾಂ?" ನಿದ್ದೆಗಣ್ಣಿನ ದನಿ.

"ಕಪ್ಪಾಯ್ತು," ಎಂದಳು.

ಆ ಕಡೆ ಹೊದಿಕೆ ಸರಿದ ಸದ್ದು. "ಖಾತ್ರಿನಾ?"

"ಖಾತ್ರಿ."

"ಸರಿ. ಸಂಜೆ ಬರ್ತೀನಿ," ಎಂದಳು ಮಗಳು. ಫೋನು ಕಟ್ಟಾಗಲಿಲ್ಲ. ಕಟ್ಟಾಗುತ್ತದೆ ಎಂದು ಅವಳು ಕಾದಳು. "ಅಮ್ಮ, ಬದಲಾಯಿಸುವಾಗ ಡಬ್ಬಿ ನೀನು ಹಿಡಿ," ಎಂದಿತು ದನಿ. "ನನಗೆ ಕೈ ನಡುಗುತ್ತೆ."

ಆಯ್ತು ಎಂದು ಹೇಳಿ, ಅವಳು ಹಲ್ಲುಜ್ಜಲು ಹೋದಳು.